ಹನ್ನೆರಡಾದ ಮೇಲೆ ಕೂಗಿದ ಕಂಪ್ಯೂಟರು

ದೆವ್ವ, ಪವಾಡ ಎಂದರೆ ನಗುತ್ತಿದ್ದವನು ನಾನು. ಹಾಗೆಂದು ಧೈರ್ಯವಂತನಲ್ಲ, ಬಸ್ಸು ಐದು ನಿಮಿಷ ತಡವಾದರೆ ಹೊಳೆಗೆ ಬಿದ್ದಿರಬೇಕು ಎಂದುಕೊಳ್ಳುವ ಪೈಕಿ. ಆದರೆ ನನ್ನ ಹೆದರಿಕೆಗಳಿಗೆಲ್ಲ ಏನೋ ಒಂದು ಕಾರಣವಿರುತ್ತಿತ್ತು. ಇದಕ್ಕೆ ಮಾತ್ರ ಇನ್ನೂ ಸಿಕ್ಕಿಲ್ಲ.

ತೊಂಬತ್ತರ ದಶಕದ ಮಾತು. ಅಥಣಿಯಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಒಂದು ಕಂಪ್ಯೂಟರ್ ಇಟ್ಟುಕೊಂಡು ಪ್ರೋಗ್ರಾಮ್ ಬರೆಯುವುದನ್ನು ಕಲಿಸುತ್ತಿದ್ದೆ. ಆ ಮಳೆಗಾಲದಲ್ಲಿ ಮಗಳು ಏಳು ತಿಂಗಳಿಗೇ ಮನೆಯಲ್ಲಿ ಹುಟ್ಟಿಬಿಟ್ಟಳು. ಮಿರಜದ ಆಸ್ಪತ್ರೆಗೆ ಒಯ್ಯೋಣವೆಂದರೆ ಕೃಷ್ಣೆ ರಸ್ತೆಯ ಮೇಲೇ ಹರಿಯುತ್ತಿದ್ದಳು.

ಮನೆಗೆ ಬಂದ ಡಾಕ್ಟರು, "ಇದೊಂದ ರಾತ್ರಿ ದಾಟಸ್ರಿ. ಅರ್ಧಾ ತಾಸಿಗೊಮ್ಮೆ ನಾಕ ಹನಿ ಹಾಲ ಹಾಕ್ರಿ. ಒಂದ ಸರತಿ ತಪ್ಪಿದ್ರೂ ಕೂಸು ತಣ್ಣಗಾಗ್ತೈತಿ" ಎಂದು ಹೋದರು.

ಹೆಂಡತಿಗೆ ಜ್ವರದಲ್ಲಿ ಎಚ್ಚರವೇ ಇರಲಿಲ್ಲ. ನಾನು ಎರಡು ರಾತ್ರಿ ನಿದ್ದೆಗೆಟ್ಟಿದ್ದೆ. ಅಲಾರಂ ಗಡಿಯಾರವಾದರೆ ಪ್ರತಿ ಸಲ ಹೊಸದಾಗಿ ತಿರುವಬೇಕು. ನಿದ್ದೆಗಣ್ಣಿನ ನನ್ನ ಕೈಯನ್ನು ನಾನೇ ನಂಬುತ್ತಿರಲಿಲ್ಲ. ಅದಕ್ಕೇ ಒಂದು ಪ್ರೋಗ್ರಾಮು ಬರೆದೆ: ಅರ್ಧ ಗಂಟೆಗೊಮ್ಮೆ ಕೂಗಬೇಕು, ನಾನು ಎದ್ದು ಕೀಲಿಮಣೆಯ ಗುಂಡಿ ಒತ್ತುವವರೆಗೆ ಕೂಗುತ್ತಲೇ ಇರಬೇಕು.

ಮಗಳ ಹಣೆಗೆ ತಣ್ಣೀರ ಪಟ್ಟಿ ಹಾಕುತ್ತ ಕೂತಿದ್ದ ಅತ್ತೆ ನೋಡಿ, "ಅಳಿಯಾರ, ಕೂಸಿನ ಜೀಂವಾ ಆ ಡಬ್ಬಿ ಕೈಯಾಗ ಕೊಟ್ರೇನು?" ಎಂದರು.

"ನನ್ನಕಿಂತ ಅದಕ್ಕ ಎಚ್ಚರ ಜಾಸ್ತಿ ಐತ್ರಿ."

"ಅದನ್ನ ಕಟ್ಟಿ ನಡಸಾವ್ರೂ ನೀವ ಅಲ್ರಿ!"

ಆದರೆ ಅದು ಕೂಗಿತು. ಪ್ರತಿ ಸಲ ಧಡಕ್ಕನೆ ಎದ್ದು ಹಾಲು ಹಾಕಿ, ತರಗತಿಯ ಕರಿಹಲಗೆಯ ಮೇಲೆ ವೇಳೆ ಬರೆದೆ. ಮೂರೂ ಹತ್ತಕ್ಕೆ ಎದ್ದಾಗ ಕೂಸಿನ ಮೂಗಿನ ಬಳಿ ಬೆರಳು ಹಿಡಿದರೆ ಏನೂ ತಾಕಲಿಲ್ಲ. ಅಂಗಿ ಬಿಚ್ಚಿ ಎದೆಗೆ ಒತ್ತಿಕೊಂಡು, ನಂಬದ ದೇವರನ್ನೆಲ್ಲ ಕರೆದೆ. ಎಷ್ಟೋ ಹೊತ್ತಿನ ಮೇಲೆ ಒಂದು ಬಿಕ್ಕು ಬಂತು. ಬೆಳಗಿನವರೆಗೆ ಒಂದು ಸರತಿಯೂ ತಪ್ಪಲಿಲ್ಲ. ಮಧ್ಯಾಹ್ನ ನೀರಿಳಿಯಿತು, ಮಿರಜ ಮುಟ್ಟಿದೆವು.

ಆರು ತಿಂಗಳ ಮೇಲೆ ಪಾಠಕ್ಕೆಂದು ಅದೇ ಪ್ರೋಗ್ರಾಮು ತೆರೆದವನು ಹಾಗೇ ಕೂತುಬಿಟ್ಟೆ. ಯಂತ್ರದೊಳಗಿನ ಸೆಕೆಂಡುಗಳ ಎಣಿಕೆ ಮಧ್ಯರಾತ್ರಿ ಮತ್ತೆ ಸೊನ್ನೆಯಾಗುತ್ತದೆ. ಹನ್ನೊಂದೂ ನಲವತ್ತಕ್ಕೆ ಕೂಗಿದ ನನ್ನ ಪ್ರೋಗ್ರಾಮು ಮುಂದಿನ ಸರತಿಗೆ ಎಂಬತ್ತೇಳು ಸಾವಿರನೆಯ ಸೆಕೆಂಡನ್ನು ಕಾಯಬೇಕು. ದಿನಕ್ಕಿರುವುದೇ ಎಂಬತ್ತಾರು ಸಾವಿರದ ನಾನೂರು. ಎಂದರೆ ಹನ್ನೆರಡರ ಮೇಲೆ ಅದು ಕೂಗುವಂತೆಯೇ ಇರಲಿಲ್ಲ.

ಅತ್ತೆಯನ್ನು ಕೇಳಿದೆ. "ಕೂಗಿತ್ತೇನ ಅಂತ ಕೇಳ್ತೀರಲ್ರಿ! ಬೆಳತನಕ ನನಗ ಕಣ್ಣ ಮುಚ್ಚಗೊಡಲಿಲ್ಲ ನಿಮ್ಮ ಡಬ್ಬಿ."

ಯಂತ್ರದ ಗಡಿಯಾರವನ್ನು ರಾತ್ರಿ ಹನ್ನೊಂದಕ್ಕೆ ತಿರುಗಿಸಿ, ಹಾಡುಹಗಲೇ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಾದೆ. ಹನ್ನೊಂದೂವರೆಗೆ ಕೂಗಿತು. ಹನ್ನೆರಡಾಯಿತು, ಸದ್ದಿಲ್ಲ. ಹನ್ನೆರಡೂವರೆ, ಸದ್ದಿಲ್ಲ. ಒಂದರ ಹೊತ್ತಿಗೆ ಅವಳನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಅತ್ತೇಬಿಟ್ಟಳು.

ಬಲ್ಲವರನ್ನೆಲ್ಲ ಕೇಳಿದ್ದೇನೆ. ಪ್ರೋಗ್ರಾಮು ತಪ್ಪು ಎಂದು ಒಪ್ಪುತ್ತಾರೆ. ಮಗಳು ಬದುಕಿದ್ದಾಳೆ ಎಂಬುದನ್ನೂ ಒಪ್ಪುತ್ತಾರೆ. ಎರಡನ್ನೂ ಕೂಡಿಸಿ ಹೇಳಿ ಎಂದರೆ ಚಹಾ ಮುಗಿಸಿ ಎದ್ದು ಹೋಗುತ್ತಾರೆ.