ಜಸ್ಟ್ ಪಾಸಾದ ಹೃದಯಕ್ಕೆ ಚೀನೀ ಕಷಾಯ

ನನ್ನ ಹೃದಯಕ್ಕೆ ಮೂವತ್ತೈದು ಬಂದಿದೆ ಎಂದು ಡಾಕ್ಟರಮ್ಮ ಹೇಳಿದಾಗ ನಾನು ಕೇಳಿದ ಮೊದಲ ಪ್ರಶ್ನೆ, "ಎಷ್ಟಕ್ಕೆ?"

ನೂರಕ್ಕೆ ಎಂದರು. ಮೈಸೂರಿನಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವನಿಗೆ ಮೂವತ್ತೈದು ಎಂದರೆ ಜಸ್ಟ್ ಪಾಸು. ನಾನು ಸ್ವಲ್ಪ ನಕ್ಕೂಬಿಟ್ಟೆ. ಹೃದಯ ಒಂದು ಸಲ ಒತ್ತಿದಾಗ ತನ್ನೊಳಗಿನ ರಕ್ತದಲ್ಲಿ ಎಷ್ಟು ಪಾಲನ್ನು ಹೊರಗೆ ತಳ್ಳುತ್ತದೆ ಎಂಬ ಲೆಕ್ಕವಂತೆ ಅದು. ಗಟ್ಟಿಮುಟ್ಟಾದ ಹೃದಯವೂ ಅರವತ್ತರ ಆಸುಪಾಸಿನಲ್ಲೇ ಇರುತ್ತದೆ ಎಂದು ತಿಳಿದಾಗ, ಸದ್ಯ, ಯಾರಿಗೂ ಡಿಸ್ಟಿಂಕ್ಷನ್ ಇಲ್ಲವಲ್ಲ ಎಂದು ಸಮಾಧಾನವಾಯಿತು. ಆ ಸಮಾಧಾನ ಕುರ್ಚಿಯಿಂದ ಏಳುವವರೆಗೂ ಉಳಿಯಲಿಲ್ಲ. ಚಳಿಗಾಲದಲ್ಲಿ ಬಂದುಹೋದ ವೈರಲ್ ಜ್ವರ ಹೃದಯದ ಸ್ನಾಯುವನ್ನು ಸೊರಗಿಸಿದೆ, ಬಡಿತವೂ ಆಗಾಗ ತಾಳ ತಪ್ಪುತ್ತಿದೆ, ಮಾತ್ರೆ ಕೊಡುತ್ತೇನೆ, ಮೂರು ತಿಂಗಳ ನಂತರ ಮತ್ತೆ ಸ್ಕ್ಯಾನ್ ಮಾಡೋಣ ಎಂದರು. ಅಷ್ಟರಲ್ಲಿ ಅಂಕ ಏರದಿದ್ದರೆ ಎದೆಯ ಚರ್ಮದ ಕೆಳಗೆ ಒಂದು ಯಂತ್ರ ಕೂರಿಸಬೇಕು. ಹೃದಯ ಕೈಕೊಟ್ಟರೆ ಅದು ಒಳಗಿನಿಂದಲೇ ಶಾಕ್ ಕೊಟ್ಟು ಎಬ್ಬಿಸುತ್ತದೆ. ನನಗೆ ನಿಜಕ್ಕೂ ಭಯವಾಯಿತು. ಡಲ್ಲಾಸಿನ ಆಸ್ಪತ್ರೆಯಿಂದ ಮರ್ಫಿ ಎಂಬ ಊರಿನ ನಮ್ಮ ಮನೆಯವರೆಗೆ ಹೆಂಡತಿಯೇ ಡ್ರೈವ್ ಮಾಡಿದಳು. ನಾನು ಪಕ್ಕದಲ್ಲಿ ಕೂತು ಎದೆಯ ಮೇಲೆ ಕೈಯಿಟ್ಟು, ಯಂತ್ರ ಎಲ್ಲಿ ಕೂರಬಹುದು ಎಂದು ಒತ್ತಿ ಒತ್ತಿ ನೋಡಿಕೊಂಡೆ.

ಸುದ್ದಿ ತಿಳಿದು ಆಸ್ಟಿನ್ ಪಕ್ಕದ ಲಿಯಾಂಡರ್ ಊರಿನಿಂದ ಗೆಳೆಯನ ಫೋನು ಬಂತು. ಧಾರವಾಡದವನು, ಆಸ್ಟಿನ್ನಿನ ಕಂಪನಿಯೊಂದರಲ್ಲಿ ಕೆಲಸ.

"ನಮ್ಮ ಆಫೀಸಿನ್ಯಾಗ ಒಬ್ಬ ಚೀನಾದಾಂವ ಅದಾನ್ರೀ. ಅವರಪ್ಪಗೂ ಹಿಂಗ ಹಾರ್ಟ್ ವೀಕ್ ಆಗಿತ್ತಂತ. ಅದ್ಯಾವುದೋ ಕೆಂಪು ಬೇರಿನ ಕಷಾಯ ಕುಡದ್ರಂತ್ರೀ, ಈಗ ದಿನಾ ಟೆನಿಸ್ ಆಡ್ತಾರಂತ."

ಇಲ್ಲಿ ನನ್ನ ಬಗ್ಗೆ ಒಂದು ಮಾತು ಹೇಳಬೇಕು. ನಾನು ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುವವನು. ಕನ್ನಡ ಕೂಟದ ಪಿಕ್ನಿಕ್ಕುಗಳಲ್ಲಿ ಯಾರಾದರೂ ವಾಟ್ಸಾಪಿನಲ್ಲಿ ಬಂದ ಮನೆಮದ್ದು ಹೇಳಿದರೆ, ಕೈಯಲ್ಲಿದ್ದ ಚಿತ್ರಾನ್ನದ ತಟ್ಟೆ ಕೆಳಗಿಟ್ಟು, "ಪ್ರೂಫ್ ಎಲ್ಲಿ ಸ್ವಾಮಿ?" ಎಂದು ಜಗಳಕ್ಕೆ ನಿಲ್ಲುತ್ತಿದ್ದವನು. ನಮ್ಮ ಕಡೆಯ ಆಂಟಿಯರು ನನ್ನನ್ನು ಕಂಡರೆ ಅರಿಶಿನದ ಮಾತನ್ನೂ ಎತ್ತುತ್ತಿರಲಿಲ್ಲ. ಅಂಥ ನನಗೆ, ನೋಡಿಯೇ ಇಲ್ಲದ ಒಬ್ಬ ಮುದುಕರ ಟೆನಿಸ್ ಸಾಕಾಯಿತು. ಆ ಶನಿವಾರವೇ ಕ್ಯಾರಲ್ಟನ್ನಿನ ಚೀನೀ ಔಷಧಿ ಅಂಗಡಿಗೆ ಹೊರಟೆ.

"ಡಾಕ್ಟರ್‌ನ ಒಂದು ಮಾತು ಕೇಳ್ಬಿಡಿ ಅಂದ್ರೆ," ಎಂದಳು ಹೆಂಡತಿ.

"ಇದು ಸಾವಿರಾರು ವರ್ಷದ ವಿದ್ಯೆ ಕಣೆ. ಅವರಿಗೇನು ಗೊತ್ತಿರುತ್ತೆ?"

ಹ್ಯೂಸ್ಟನ್ನಿನಲ್ಲಿ ಓದುತ್ತಿದ್ದ ಮಗಳೂ ಫೋನಿನಲ್ಲಿ, "ಅಪ್ಪಾ, ಡಿಡ್ ಯು ಆಸ್ಕ್ ದ ಡಾಕ್ಟರ್?" ಎಂದಳು. ಸಿಗ್ನಲ್ ಸರಿಯಿಲ್ಲ ಎಂದು ಇಟ್ಟುಬಿಟ್ಟೆ.

ಅಂಗಡಿಯೊಳಗೆ ಕಾಲಿಟ್ಟರೆ ನಮ್ಮೂರಿನ ಗ್ರಂಧಿಗೆ ಅಂಗಡಿಯದೇ ವಾಸನೆ. ಅಲ್ಲಿನ ಚೀನೀ ವೈದ್ಯೆ ಮೊದಲು ಎರಡೂ ಕೈಗಳ ನಾಡಿ ಹಿಡಿದು ನೋಡಿದರು, ಆಮೇಲೆ ನಾಲಿಗೆ ಚಾಚಲು ಹೇಳಿದರು. ಚಾಚಿದೆ. ಅವರ ಮುಖ ಗಂಭೀರವಾಯಿತು. ನಾಲಿಗೆ ಕಂದುಗಟ್ಟಿದೆ, ಒಳ್ಳೆಯ ಲಕ್ಷಣವಲ್ಲ ಎಂದರು. ಕಾರಿನಲ್ಲಿ ಬರುತ್ತ ಎರಡು ಲೋಟ ಸ್ಟ್ರಾಂಗ್ ಫಿಲ್ಟರ್ ಕಾಫಿ ಮುಗಿಸಿದ್ದೆನೆಂದು ಹೇಳಲು ನಾಚಿಕೆಯಾಯಿತು. ಡಾಕ್ಟರು ಕೊಟ್ಟ ಮಾತ್ರೆ ಏನಾದರೂ ತೆಗೆದುಕೊಳ್ಳುತ್ತಿದ್ದೀರಾ ಎಂದು ಕೇಳಿದರು. "ಬರೀ ವಿಟಮಿನ್," ಎಂದೆ. ಒಬ್ಬ ವೈದ್ಯರ ವಿಷಯ ಇನ್ನೊಬ್ಬರ ಮುಂದೆ ಎತ್ತುವುದೆಂದರೆ, ಒಬ್ಬ ಟೈಲರ್ ಹೊಲಿದ ಅಂಗಿ ತೊಟ್ಟು ಇನ್ನೊಬ್ಬ ಟೈಲರ್ ಹತ್ತಿರ ಅಳತೆ ಕೊಡಲು ಹೋದ ಹಾಗೆ. ನಮ್ಮವರು ಎಲ್ಲರನ್ನೂ ಕೇಳುತ್ತಾರೆ, ಯಾರಿಗೂ ಏನೂ ಹೇಳುವುದಿಲ್ಲ.

ಬೇರು, ತೊಗಟೆ, ಒಣಗಿದ ಹಣ್ಣು ಎಲ್ಲ ಸೇರಿದ ಪೊಟ್ಟಣಗಳ ಜೊತೆಗೆ ವಿಧಾನವನ್ನೂ ಹೇಳಿಕಳಿಸಿದರು. ಒಮ್ಮೆ ಕುದಿಸಿ ಬಸಿಯುವುದು, ಅದೇ ಬೇರಿಗೆ ಮತ್ತೆ ನೀರು ಹಾಕಿ ಇನ್ನೊಮ್ಮೆ ಕುದಿಸುವುದು, ಎರಡನ್ನೂ ಬೆರೆಸಿ ಕುಡಿಯುವುದು. ಹೆಂಡತಿಗೆ ಅರೆಕ್ಷಣದಲ್ಲಿ ಅರ್ಥವಾಯಿತು. "ಫಸ್ಟ್ ಡಿಕಾಕ್ಷನ್, ಸೆಕೆಂಡ್ ಡಿಕಾಕ್ಷನ್. ಇದರಲ್ಲೇನಿದೆ," ಎಂದಳು. ನಾನು ಅಡುಗೆಮನೆಗೆ ಕಾಲಿಡುವ ಮಾತೇ ಇರಲಿಲ್ಲ, ಹೃದ್ರೋಗಿಯಲ್ಲವೇ, ಸೋಫಾದಲ್ಲಿ ಕೂತು, "ಆಯ್ತೇನೇ?" ಎನ್ನುತ್ತಿದ್ದೆ. ಕಷಾಯ ಬೇಗನೆ ಬರುತ್ತಲೂ ಇರಲಿಲ್ಲ. ಒಲೆ ಆರಿಸಿದ ಸದ್ದು ಕೇಳಿ ಎಷ್ಟೋ ಹೊತ್ತಾದ ಮೇಲೆ ಲೋಟ ಹಿಡಿದು ಬರುತ್ತಿದ್ದಳು. "ಆರಬೇಕಲ್ಲ, ಅವಸರ ಏನು?" ಎನ್ನುತ್ತಿದ್ದಳು. ಹಳೇ ಬಾಗಿಲನ್ನು ನೆನೆಹಾಕಿದ ನೀರಿನಂಥ ರುಚಿ. ಮೂಗು ಹಿಡಿದು ಕುಡಿದು, ಕುಡಿದ ಮರುಕ್ಷಣವೇ ಎದೆಯಲ್ಲಿ ಬಲ ಬಂದಂತಿದೆ ಎಂದು ಘೋಷಿಸುತ್ತಿದ್ದೆ.

ದಿನ ಕಳೆದಂತೆ ಮೆಟ್ಟಿಲು ಹತ್ತುವಾಗ ಏದುಸಿರು ಕಡಿಮೆಯಾಯಿತು. ಅದು ಕಷಾಯದ ಮಹಿಮೆ. ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ ಬರತೊಡಗಿತು. ಅದು ಬ್ರಶ್ಶಿನ ತಪ್ಪು. ತೋಳಿನ ಮೇಲೆ ನೀಲಿ ಕಲೆಗಳೆದ್ದವು. ಅದು ಗರಾಜಿನ ಬಾಗಿಲಿನ ತಪ್ಪು. ನಾನು ಬ್ರಶ್ ಬದಲಾಯಿಸಿದೆ.

ಮರುಪರೀಕ್ಷೆಯ ದಿನ ಬಂತು. ಬೆಳಿಗ್ಗೆ ರಕ್ತ ತೆಗೆದರು, ಸ್ಕ್ಯಾನ್ ಮಾಡಿದರು. ಹೊರಗೆ ಕಾಯುವಾಗ ಹೆಂಡತಿ ನನ್ನ ಮೊಣಕೈ ಹಿಡಿದಿದ್ದಳು. ಒಳಗೆ ಕರೆದರು.

"ನಲವತ್ತೆರಡು," ಎಂದರು ಡಾಕ್ಟರಮ್ಮ. "ಯಂತ್ರದ ಮಾತು ಸದ್ಯಕ್ಕೆ ಬೇಡ. ಮಾತ್ರೆ ಚೆನ್ನಾಗಿ ಹಿಡಿಸಿದೆ."

ಬುದ್ಧಿ ಇದ್ದವನಾದರೆ ಕೈ ಮುಗಿದು ಎದ್ದು ಬರುತ್ತಿದ್ದ. ಮಾತ್ರೆಗೆ ಪೂರ್ತಿ ಕೀರ್ತಿ ಹೋಗುತ್ತಿರುವುದು ನನಗೆ ತಡೆಯಲಾಗಲಿಲ್ಲ. "ಡಾಕ್ಟರ್, ಅದು ಬರೀ ನಿಮ್ಮ ಮಾತ್ರೆಯದ್ದಲ್ಲ," ಎಂದು ಇಂಗ್ಲಿಷಿನಲ್ಲಿ ಶುರುಮಾಡಿ, ಕೆಂಪು ಬೇರು, ಎರಡು ಡಿಕಾಕ್ಷನ್ನು, ಟೆನಿಸ್ ಆಡುವ ಮುದುಕರು ಎಲ್ಲವನ್ನೂ ಹೇಳಿ ಮುಗಿಸಿದೆ.

ಅವರು ನಗಲಿಲ್ಲ. ರಕ್ತದ ವರದಿಯನ್ನು ನನ್ನ ಕಡೆ ತಿರುಗಿಸಿದರು. ಬಡಿತ ತಾಳ ತಪ್ಪಿ ರಕ್ತ ಹೆಪ್ಪುಗಟ್ಟದಿರಲೆಂದು ಅವರು ಕೊಟ್ಟಿದ್ದ ಇನ್ನೊಂದು ಮಾತ್ರೆಯನ್ನು ಆ ಬೇರು ಇನ್ನಷ್ಟು ಜೋರು ಮಾಡುತ್ತದಂತೆ. ನನ್ನ ರಕ್ತ ಮಿತಿಮೀರಿ ತೆಳುವಾಗಿತ್ತು. "ಜಾರಿ ಬಿದ್ದು ತಲೆಗೆ ಪೆಟ್ಟಾಗಿದ್ದರೆ ರಕ್ತ ನಿಲ್ಲಿಸುವುದು ಕಷ್ಟವಿತ್ತು," ಎಂದರು. ತೋಳಿನ ಕಲೆಗಳ ಮೇಲೆ ನಿಧಾನವಾಗಿ ಅಂಗಿಯ ತೋಳನ್ನು ಎಳೆದುಕೊಂಡೆ. ಕಷಾಯ ಇವತ್ತೇ ನಿಲ್ಲಬೇಕು, ಮಾತ್ರೆಯ ಪ್ರಮಾಣ ಮತ್ತೆ ಹೊಂದಿಸಬೇಕು, ನಾಳೆ ಮತ್ತೆ ರಕ್ತ ಕೊಡಬೇಕು ಎಂದರು. ಆಮೇಲೆ ಸುಮ್ಮನೆ ಕೇಳುವ ಹಾಗೆ ಕೇಳಿದರು: "ಮನೆಯಲ್ಲಿ ಇನ್ಯಾರಾದರೂ ಇದನ್ನು ಕುಡಿಯುತ್ತಿದ್ದಾರಾ?"

"ಇಲ್ಲ," ಎಂದೆ ನಾನು.

"ನಾನು," ಎಂದಳು ಹೆಂಡತಿ.

ನಾನು ತಿರುಗಿ ನೋಡಿದೆ. ಅವಳು ನನ್ನನ್ನು ನೋಡದೆ, ತನ್ನ ತಡವರಿಸುವ ಇಂಗ್ಲಿಷಿನಲ್ಲಿ ಡಾಕ್ಟರಿಗೇ ಹೇಳಿದಳು. ದಿನಾ ಬಸಿದ ತಕ್ಷಣ ಕಾಲು ಲೋಟ ಕುಡಿಯುತ್ತಿದ್ದಳಂತೆ. ಅರ್ಧ ಗಂಟೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಕಾಯುತ್ತಿದ್ದಳಂತೆ. ತಲೆ ಸುತ್ತಲಿಲ್ಲ, ವಾಂತಿಯಾಗಲಿಲ್ಲ ಎಂದು ಖಾತ್ರಿಯಾದ ಮೇಲೆ ನನಗೆ ಲೋಟ ತುಂಬುತ್ತಿದ್ದಳಂತೆ. ದೇವರಿಗಿಡದ ಅಡುಗೆಯನ್ನು ಉಪ್ಪು ನೋಡಲೂ ನಾಲಿಗೆಗೆ ಸೋಕಿಸದ ಹೆಂಗಸು ಇವಳು.

ಡಾಕ್ಟರಮ್ಮ ಮೆತ್ತಗೆ ವಿವರಿಸಿದರು. ಅವಳು ಮಾಡಿದ ಈ ಪರೀಕ್ಷೆಯಿಂದ ಏನೂ ಗೊತ್ತಾಗುವ ಹಾಗಿರಲಿಲ್ಲ. ಬೇರು ಮತ್ತು ಮಾತ್ರೆ ಒಂದೇ ಮೈಯಲ್ಲಿ ಸೇರಿದರಷ್ಟೇ ಅಪಾಯ, ಅವಳಂತೂ ಮಾತ್ರೆ ತೆಗೆದುಕೊಳ್ಳುತ್ತಿರಲಿಲ್ಲ. ಹೆಂಡತಿ ತಲೆಯಾಡಿಸಿದಳು. ತಾನೇ ಏನೋ ಕೆಡಿಸಿದವಳಂತೆ "ಸಾರಿ" ಎಂದಳು. ನನಗೆ ಎಲ್ಲಾದರೂ ಅಡಗಿಕೊಳ್ಳಬೇಕೆನಿಸಿತು.

ಮನೆಗೆ ಹೋಗುವಾಗಲೂ ಅವಳೇ ಡ್ರೈವ್ ಮಾಡಿದಳು. ಅರ್ಧ ದಾರಿಯಲ್ಲಿ ನನಗೆ ಸಿಟ್ಟು ಬಂತು. ಬೇರೆ ಏನು ಬರಬೇಕೋ ತಿಳಿಯದೆ ಬಂದ ಸಿಟ್ಟು.

"ಬುದ್ಧಿ ಇದೆಯಾ ನಿಂಗೆ? ಏನೋ ಎಂತೋ ಗೊತ್ತಿಲ್ಲದ್ದನ್ನ ಕುಡಿದು ನಿಂಗೇ ಏನಾದ್ರೂ ಆಗಿದ್ರೆ?"

ಅವಳು ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ, ಎಡಗಡೆಯ ಲೇನಿಗೆ ಬಂದಳು.

"ಆಗಿದ್ರೆ ನಿಮಗೆ ಕೊಡ್ತಿರ್ಲಿಲ್ಲ," ಎಂದಳು.