ವಹಾಕಾದ ಕಪ್ಪು ಗೊಜ್ಜು

ಎಂಬತ್ತರ ದಶಕದ ಮಾತು. ನಮ್ಮ ಯಜಮಾನರ ಗಂಟಲಿನ ಕ್ಯಾನ್ಸರ್ ವಾಸಿಯಾಯಿತೆಂದು ಸ್ಯಾನ್ ಫ್ರಾನ್ಸಿಸ್ಕೋದ ಡಾಕ್ಟರು ಕೈಕುಲುಕಿ ಹೇಳಿದರು. ರೇಡಿಯೇಶನ್ನಿನಿಂದ ನಾಲಿಗೆಯ ರುಚಿ ಹೋಗಿದ್ದನ್ನು ಮಾತ್ರ ಅವರು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಬಂದರೆ ಬರಬಹುದು, ಇಲ್ಲದಿದ್ದರೆ ಇಲ್ಲ ಎಂದರು. ಸಾರಿಗೆ ಇಂಗು ಒಂದು ಚಿಟಿಕೆ ಕಡಿಮೆಯಾದರೆ ಮುಖ ಸಿಂಡರಿಸುತ್ತಿದ್ದ ಮನುಷ್ಯ ಈಗ ಸಾಂಟಾ ಕ್ಲಾರಾದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಔಷಧಿ ನುಂಗುವ ಹಾಗೆ ಅನ್ನ ನುಂಗುತ್ತಿದ್ದರು. ಇಂಡಿಯನ್ ಅಂಗಡಿಯಿಂದ ತಂದ ಉಪ್ಪಿನಕಾಯಿಗಳನ್ನೆಲ್ಲ ಬಾಯಿಗಿಟ್ಟು ನೋಡಿ, ಮುಚ್ಚಳ ಮುಚ್ಚಿದರು. ದಿನದಿನಕ್ಕೂ ಸೊರಗುತ್ತಿದ್ದರು. ಒಲೆ ಹಚ್ಚುವುದೆಂದರೆ ನನಗೆ ಅಳು ಬರುತ್ತಿತ್ತು.

ಅವರ ಆಫೀಸಿನಲ್ಲಿ ಮೆಕ್ಸಿಕೋದ ವಹಾಕಾ ಸೀಮೆಯವನೊಬ್ಬನಿದ್ದ. ನಮ್ಮೂರಿನ ಕಪ್ಪು ಗೊಜ್ಜು ತಿಂದರೆ ಸತ್ತ ನಾಲಿಗೆಯೂ ಎದ್ದು ಕೂರುತ್ತದೆ ಎಂದು ಅವನು ತಮಾಷೆಗೆ ಹೇಳಿದ್ದನ್ನು ಇವರು ನಂಬಿಬಿಟ್ಟರು. ರಜೆ ಹಾಕಿ ಹೊರಟೆವು.

ಊರು ಹೊಟ್ಟೆ ಉರಿಯುವಷ್ಟು ಚೆನ್ನಾಗಿತ್ತು. ಹಸಿರು ಕಲ್ಲಿನ ಹಳೆಯ ಚರ್ಚುಗಳು, ಬೆಟ್ಟದ ನೆತ್ತಿಯ ಮೇಲೆ ಪಾಳುಬಿದ್ದ ಪುರಾತನ ಪಟ್ಟಣ, ಪಕ್ಕದ ಹಳ್ಳಿಯಲ್ಲಿ ಹತ್ತಾರು ಜನ ಕೈಕೈ ಹಿಡಿದು ನಿಂತರೂ ಸುತ್ತಲಾಗದ ಮರ. ಇವರು ಯಾವುದನ್ನೂ ಕಣ್ಣೆತ್ತಿ ನೋಡಲಿಲ್ಲ. "ಊಟಕ್ಕೆ ಎಷ್ಟೊತ್ತಿಗೆ ಹೋಗೋಣ?" ಎಂದು ಬೆಳಿಗ್ಗೆಯಿಂದ ಪೀಡಿಸುತ್ತಿದ್ದರು.

ಮಾರ್ಕೆಟ್ಟಿನಲ್ಲಿ ಹೆಂಗಸೊಬ್ಬಳು ಆ ಗೊಜ್ಜನ್ನು ಬಡಿಸುತ್ತಿದ್ದಳು. ಒಣಮೆಣಸಿನಕಾಯಿ, ಎಳ್ಳು, ಕೋಕೋ ಬೀಜ ಹುರಿದು ರುಬ್ಬಿದ್ದು. ಮಾಂಸವಿಲ್ಲದ್ದು ಇದೆಯೇ ಎಂದು ಹರಕುಮುರುಕು ಸ್ಪ್ಯಾನಿಷ್‌ನಲ್ಲಿ ಕೇಳಿದೆ. ಎಲ್ಲವನ್ನೂ ಕೋಳಿಯ ರಸದಲ್ಲೇ ಕುದಿಸುವುದು ಎಂದಳು. ನಾನು ಎದ್ದೆ. ಇವರು ಏಳಲಿಲ್ಲ.

"ಇರಲಿ ಕೂತ್ಕೊಳೆ. ಹುಟ್ಟಿದಾಗಿಂದ ಮುಟ್ಟದೇ ಇದ್ದದ್ದು. ಅದಾದ್ರೂ ನಾಲಿಗೆಗೆ ಗೊತ್ತಾಗಬಹುದು."

ತಿಂದರು. ಕಣ್ಣಲ್ಲಿ ನೀರು ಬಂತು.

"ಏನ್ರೀ, ಗೊತ್ತಾಯ್ತಾ?"

"ಖಾರ ಸುಡ್ತಿದೆ, ಅಷ್ಟೇ ಕಣೆ. ರುಚಿ ಇಲ್ಲ." ತಟ್ಟೆಯನ್ನು ನನ್ನ ಕಡೆಗೆ ತಳ್ಳಿದರು. "ನೀನು ತಿಂದು ಹೇಳು, ಹೇಗಿದೆ ಅಂತ."

ಬೇಡವೆನ್ನಲು ಬಾಯಿ ಬರಲಿಲ್ಲ. ಮೆಕ್ಕೆಜೋಳದ ರೊಟ್ಟಿಯ ಚೂರಿಗೆ ಗೊಜ್ಜು ಹಚ್ಚಿ ಬಾಯಿಗಿಟ್ಟೆ. ಅಂಥ ರುಚಿಯನ್ನು ನನ್ನ ಜನ್ಮದಲ್ಲಿ ಕಂಡಿರಲಿಲ್ಲ.

"ಏನೂ ಇಲ್ಲ ಕಣ್ರೀ, ಬರೀ ಸಪ್ಪೆ" ಎಂದೆ.

ಇವರು ನನ್ನ ಮುಖ ನೋಡಲಿಲ್ಲ, ಕೈ ನೋಡುತ್ತಿದ್ದರು. ಅದು ಆಗಲೇ ಎರಡನೆಯ ಚೂರು ಮುರಿಯುತ್ತಿತ್ತು.