ಮೇಸ್ತ್ರಿ ಕೂರಿಸಿದ ಮ್ಯಾನಿಫೋಲ್ಡ್

ಅವಳು ಅಪ್ಪನ ಗ್ಯಾರೇಜಿಗೆ ಕೆಲಸಕ್ಕೆ ಬಂದಾಗ ನಕ್ಕವರೇ ಹೆಚ್ಚು. ಫ್ಯಾನಿಗೆ ಜಡೆ ಸಿಕ್ಕಿಕೊಂಡೀತು ಅಂತ ಒಬ್ಬರು, ಗ್ರೀಸ್ ಮೆತ್ತಿದ ಕೈಯನ್ನು ಯಾವನು ಹಿಡೀತಾನೆ ಅಂತ ಇನ್ನೊಬ್ಬರು. ಮೇಸ್ತ್ರಿ ಮಾತ್ರ ನಗಲಿಲ್ಲ. ಮಗಳಿಗೆ ಒಂದು ಸ್ಪ್ಯಾನರ್ ಕೊಟ್ಟು, "ಕಿವಿ ತೆರೆದಿಟ್ಕೋ, ಬಾಯಿ ಮುಚ್ಕೊಂಡಿರು. ಇಂಜಿನ್ನೇ ಎಲ್ಲ ಹೇಳುತ್ತೆ" ಅಂದರು. ಅವಳು ಜಡೆ ಕತ್ತರಿಸಿಕೊಂಡಳು. ಮದುವೆಯ ಮಾತು ಬಂದಾಗಲೆಲ್ಲ ಯಾವುದಾದರೂ ಗಾಡಿಯ ಕೆಳಗೆ ನುಸುಳಿದಳು. ಕೆಲಸ ಕಲಿತಳು, ಚೆನ್ನಾಗಿಯೇ ಕಲಿತಳು. ಅಪ್ಪನ ಎದುರು ಬಾಯಿ ಮುಚ್ಚಿಕೊಂಡಿರುವುದನ್ನಂತೂ ಇನ್ನೂ ಚೆನ್ನಾಗಿ ಕಲಿತಳು.

ಮೇಸ್ತ್ರಿಗೆ ಮರೆವು ಬಂದದ್ದು ಬೆಕ್ಕಿನ ಹೆಜ್ಜೆಯಲ್ಲಿ. ಊಟ ಮಾಡಿ ಕೈ ತೊಳೆದವರು ಮತ್ತೆ ತಟ್ಟೆಯ ಮುಂದೆ ಕೂರುವರು. ಪ್ಲಗ್ಗನ್ನು ಕೈಯಲ್ಲಿ ಹಿಡಿದು, ಹಾಕಬೇಕಾಗಿತ್ತೋ ಈಗ ತಾನೇ ಬಿಚ್ಚಿದ್ದೋ ತಿಳಿಯದೆ ನಿಂತುಬಿಡುವರು. ಒಂದು ಬೆಳಿಗ್ಗೆ ಟೀ ಲೋಟಕ್ಕೆ ಬ್ರೇಕ್ ಆಯಿಲ್ ಬಗ್ಗಿಸಿ, ತುಟಿಯವರೆಗೆ ಒಯ್ದು, ವಾಸನೆಗೆ ಬೆಚ್ಚಿದರು. "ಕುಡಿದಿದ್ರೆ ಒಳ್ಳೇದೇ ಆಗ್ತಿತ್ತು, ಈ ಬಾಯಿಗೆ ಬ್ರೇಕೇ ಇರಲಿಲ್ಲ" ಅಂತ ತಾವೇ ನಕ್ಕರು. ಪಕ್ಕದ ಟೈರ್ ಅಂಗಡಿಯವರೂ ನಕ್ಕರು. ಮಗಳಿಗೆ ನಗು ಬರಲಿಲ್ಲ.

"ಯಾರಿಗೂ ಹೇಳ್ಬೇಡ ಕಣೆ" ಅಂದಳು ಅಮ್ಮ. "ಹೆಸರು ಹೋದ್ರೆ ಆ ಮನುಷ್ಯ ಉಳಿಯಲ್ಲ."

ಅಂದಿನಿಂದ ಅವಳಿಗೆ ಎರಡು ಕೆಲಸ. ತನ್ನದೊಂದು; ಅಪ್ಪ ಮಾಡಿದ್ದನ್ನು ಅಪ್ಪನಿಗೆ ಕಾಣದ ಹಾಗೆ ಮತ್ತೊಮ್ಮೆ ಮಾಡುವುದು ಇನ್ನೊಂದು.

ಹೀಗಿರುವಾಗ ಹಳೇ ಗಿರಾಕಿ, ಒಬ್ಬ ಟ್ಯಾಕ್ಸಿ ಡ್ರೈವರ್, ಗಾಡಿ ತಂದು ನಿಲ್ಲಿಸಿದ. ನಿಂತಲ್ಲೇ ಇಂಜಿನ್ ಏರುತ್ತಿತ್ತು, ಇಳಿಯುತ್ತಿತ್ತು. ಒಳಗೆಲ್ಲೋ ಹಾವು ಬುಸುಗುಟ್ಟಿದ ಹಾಗೆ ಸದ್ದು. ಅವಳು ಟಾರ್ಚ್ ಹಿಡಿದು ನೋಡಿದಳು. ಇಂಟೇಕ್ ಮ್ಯಾನಿಫೋಲ್ಡ್ ಸೀಳಿತ್ತು. ಹೊರಗಿನ ಗಾಳಿಯನ್ನು ನಾಲ್ಕು ಕವಲಾಗಿ ಒಡೆದು ಇಂಜಿನ್ನಿನ ಒಂದೊಂದು ಸಿಲಿಂಡರಿಗೂ ಸಮನಾಗಿ ಹಂಚುವ ಪ್ಲಾಸ್ಟಿಕ್ ಕೊಳವೆ ಅದು. ಆ ಕಾರು ತಯಾರಾಗುವುದೇ ನಿಂತುಹೋಗಿದ್ದರಿಂದ ಹೊಸದು ಸಿಗುವಂತಿರಲಿಲ್ಲ. ಕೊಳವೆಗೂ ಇಂಜಿನ್ನಿಗೂ ನಡುವೆ ಗಾಳಿ ಸೋರದಂತೆ ಕೂರುವ ಹಳೇ ಗ್ಯಾಸ್ಕೆಟ್ ಬಿಚ್ಚಿ ಬ್ಯಾಗಿಗೆ ಹಾಕಿಕೊಂಡು ಅವಳು ಗುಜರಿಗೆ ಹೋದಳು.

ಆ ಇಂಜಿನ್ನಿನಲ್ಲಿ ಎರಡು ತರಹ. ಮೊದಲು ಬಂದದ್ದರ ಗಾಳಿ ಬಾಯಿ ದುಂಡಗೆ, ಆಮೇಲಿನದರದ್ದು, ಈ ಟ್ಯಾಕ್ಸಿಯದೂ, ಮೊಟ್ಟೆಯಾಕಾರ. ಬೋಲ್ಟಿನ ತೂತುಗಳು ಮಾತ್ರ ಎರಡರಲ್ಲೂ ಒಂದೇ ಕಡೆ. ಅಲ್ಲೇ ಎಲ್ಲರೂ ಏಮಾರುವುದು. ಅವಳು ರಾಶಿಯಿಂದ ಒಂದೊಂದನ್ನೇ ಎಳೆದು, ಬಾಯಿಯ ಮೇಲೆ ಗ್ಯಾಸ್ಕೆಟ್ ಇಟ್ಟು, ಬೆಳಕಿಗೆ ಎತ್ತಿ ನೋಡಿದಳು. ಸೆನ್ಸರ್ ಕೂರುವ ಜಾಗ ನೋಡಿದಳು. ಒಳಗೆ ಬೆರಳು ಹಾಕಿ ಸೀಳಿದೆಯೇ ಅಂತ ತಡವಿದಳು.

"ಏನಮ್ಮಾ, ಗಂಡು ನೋಡೋಕೆ ಬಂದಿದೀಯಾ?" ಅಂದ ಗುಜರಿಯವನು.

"ಗಂಡಾದ್ರೆ ಹೇಗೋ ಹೊಂದ್ಕೊಂಡು ಹೋಗ್ಬಹುದು ಅಣ್ಣ. ಇದು ಕೂದಲೆಳೆಯಷ್ಟು ಹೊಂದದಿದ್ರೂ ಇಂಜಿನ್ನೇ ತಿಂದ್ಹಾಕುತ್ತೆ."

ಕೊನೆಗೂ ಮೊಟ್ಟೆ ಬಾಯಿಯದು ಒಂದು ಸಿಕ್ಕಿತು. ಗ್ಯಾರೇಜಿಗೆ ತಂದು, ತೊಳೆದು, ಬಟ್ಟೆಯಲ್ಲಿ ಸುತ್ತಿ ಬೆಂಚಿನ ಮೇಲಿಟ್ಟಳು. "ನಾಳೆ ನಾನೇ ಕೂರಿಸ್ತೀನಿ ಅಪ್ಪಾ" ಅಂದಳು. ಮೇಸ್ತ್ರಿ ಹೂಂಗುಟ್ಟಿದರು.

ಮಾರನೇ ದಿನ ಅಮ್ಮನನ್ನು ಕಣ್ಣಿನ ಡಾಕ್ಟರ ಹತ್ತಿರ ತೋರಿಸಿಕೊಂಡು ಬರುವಷ್ಟರಲ್ಲಿ ಟ್ಯಾಕ್ಸಿ ಹೊರಟುಹೋಗಿತ್ತು. ಮೇಸ್ತ್ರಿ ಸಾಬೂನು ಹಚ್ಚಿ ಕೈ ತೊಳೆಯುತ್ತಿದ್ದರು, ಮುಖದಲ್ಲಿ ಗೆಲುವು. ಅವಳ ಕಣ್ಣು ಬೆಂಚಿನ ಅಡಿಗೆ ಹೋಯಿತು. ಬಟ್ಟೆ ಸುತ್ತಿದ ಮ್ಯಾನಿಫೋಲ್ಡ್ ಅಲ್ಲೇ ಬಿದ್ದಿತ್ತು. ಗೋಡೆಯ ಹಲಗೆಯ ಮೇಲೆ ಎಷ್ಟೋ ಕಾಲದಿಂದ ಧೂಳು ತಿನ್ನುತ್ತಿದ್ದ ದುಂಡು ಬಾಯಿಯದು ಕಾಣಲಿಲ್ಲ. ಸಂದಿ ಮುಚ್ಚುವ ಗ್ಯಾಸ್ಕೆಟ್ ಪೇಸ್ಟಿನ ಟ್ಯೂಬು ಪೂರ್ತಿ ಹಿಂಡಿಸಿಕೊಂಡು ಕೆಳಗೆ ಬಿದ್ದಿತ್ತು.

"ಅಪ್ಪಾ, ಯಾವುದನ್ನ ಹಾಕಿದ್ರಿ?"

"ಯಾವುದು ಹಾಕ್ಬೇಕೋ ಅದನ್ನ."

"ನಾನು ತಂದದ್ದು ಇಲ್ಲೇ ಇದೆಯಲ್ಲ."

"ಅದು ಬೇರೆ ಗಾಡೀದು ಕಣೆ! ನೆನ್ನೆ ಮೊನ್ನೆ ಸ್ಪ್ಯಾನರ್ ಹಿಡಿದೋಳು, ನನಗೆ ಕಲಿಸ್ತೀಯಾ?"

ಆ ಗದರಿಕೆ ಹಳೆಯ ಅಪ್ಪನದೇ. ಅದನ್ನು ಕೇಳಿ ಎಷ್ಟೋ ದಿನವಾಗಿತ್ತು. ಒಂದು ಗಳಿಗೆ ಅವಳಿಗೆ ಸಂತೋಷವೇ ಆಯಿತು. ಡ್ರೈವರಿಗೆ ಫೋನ್ ಮಾಡಬೇಕು ಅಂತ ಮೊಬೈಲ್ ತೆಗೆದಳು. ಏನಂತ ಹೇಳುವುದು? ಅಪ್ಪನಿಗೆ ತಲೆ ನೆಟ್ಟಗಿಲ್ಲ ಅಂತಲೇ? ಬೆಳಿಗ್ಗೆ ಬೇರೆ ಏನಾದರೂ ನೆಪ ಹೇಳಿ ಗಾಡಿ ಕರೆಸಿದರಾಯಿತು ಅಂದುಕೊಂಡು ಮೊಬೈಲ್ ಜೇಬಿಗೆ ಹಾಕಿದಳು.

ಬೆಳಿಗ್ಗೆ ಅವಳು ಫೋನ್ ಮಾಡುವ ಮೊದಲೇ ಗಾಡಿ ಬಂತು, ಲಾರಿಯ ಹಿಂದೆ ಹಗ್ಗ ಕಟ್ಟಿಸಿಕೊಂಡು. ದೂರದ ಬಾಡಿಗೆ, ದೊಡ್ಡ ಏರು. ಪೇಸ್ಟ್ ಕಿತ್ತುಕೊಂಡು, ಸಂದಿಯಿಂದ ಗಾಳಿ ನುಗ್ಗಿ, ಪೆಟ್ರೋಲ್ ಸಾಲದೆ ಕಾದು ಕಾದು ಒಂದು ಪಿಸ್ಟನ್ ತೂತು ಬಿದ್ದಿತ್ತು. ಇಂಜಿನ್ ಸತ್ತಿತ್ತು.

ಡ್ರೈವರ್ ಕೂಗಾಡಿದ. ಟೈರ್ ಅಂಗಡಿಯವರು, ದಾರಿಹೋಕರು ಸುತ್ತ ಸೇರಿದರು. ತಿಂಡಿಯ ಕ್ಯಾರಿಯರ್ ಹಿಡಿದು ಬಂದ ಅಮ್ಮ ಬಾಗಿಲಲ್ಲೇ ನಿಂತಳು. ಮೇಸ್ತ್ರಿ ಎಲ್ಲರ ಮುಖ ನೋಡುತ್ತಿದ್ದರು. ಯಾವ ಗಾಡಿ, ಯಾರ ಗಾಡಿ, ಅವರಿಗೆ ಏನೂ ತಿಳಿಯುತ್ತಿರಲಿಲ್ಲ.

"ನಾನೇ ಕೂರಿಸಿದ್ದು" ಅಂದಳು ಮಗಳು.

ಡ್ರೈವರ್ ಅರ್ಧ ಮಾತಿಗೇ ನಿಲ್ಲಿಸಿದ. ಹಿಂದಿನ ದಿನ ಅವನು ಅಲ್ಲೇ ಸ್ಟೂಲಿನ ಮೇಲೆ ಕೂತು ಮೇಸ್ತ್ರಿ ಕೆಲಸ ಮಾಡುವುದನ್ನು ಪೂರ್ತಿ ನೋಡಿದ್ದ.

ಮೇಸ್ತ್ರಿ ಬಾಗಿ, ಮಗಳು ಬಿಚ್ಚಿಟ್ಟಿದ್ದ ಮ್ಯಾನಿಫೋಲ್ಡನ್ನು ಎತ್ತಿಕೊಂಡು ಅದರ ಬಾಯಿಯ ಸುತ್ತ ಹೆಬ್ಬೆರಳು ಆಡಿಸಿದರು. ಅವರ ಕಣ್ಣು ತಿಳಿಯಾಯಿತು. "ದುಂಡು ಬಾಯಿ! ಈ ಇಂಜಿನ್ನಿಗೆ ಇದನ್ನ ಹಾಕಿದೀಯಾ? ಬೋಲ್ಟ್ ಕೂತ್ರೆ ಪಾರ್ಟ್ ಕೂತ ಹಾಗಾ? ಗ್ಯಾಸ್ಕೆಟ್ ಇಟ್ಟು ನೋಡು ಅಂತ ಎಷ್ಟು ಸಲ ಬಡ್ಕೊಂಡೆ. ಸಂದಿ ಕಂಡ್ರೆ ಪೇಸ್ಟ್ ಬಳಿದು ಮುಚ್ತಾರೇನೆ? ಕಸುಬಿಗೆ ದ್ರೋಹ ಕಣೆ ಇದು. ಆ ಸ್ಪ್ಯಾನರ್ ಕೆಳಗಿಡು. ಇನ್ನು ಮುಟ್ಟಬೇಡ."

ಒಂದಕ್ಷರ ತಪ್ಪಿಲ್ಲದ ಮಾತು. ಅವಳು ತಲೆ ತಗ್ಗಿಸಿ ಸ್ಪ್ಯಾನರ್ ಕೆಳಗಿಟ್ಟಳು.

ಜನ ಚದುರಿದ ಮೇಲೆ ಡ್ರೈವರ್ ಅವಳನ್ನು ಬೀದಿಗೆ ಕರೆದ. "ಕೂರಿಸಿದ್ದು ಯಾರು ಅಂತ ನನಗೆ ಗೊತ್ತು ತಂಗಿ. ಆದ್ರೆ ನನ್ನ ಮನೇಲಿ ಒಲೆ ಉರೀಬೇಕಲ್ಲ."

ಗ್ಯಾರೇಜಿನ ಹಳೇ ವ್ಯಾನಿನಲ್ಲಿದ್ದದ್ದೂ ಅದೇ ಇಂಜಿನ್. ಅಪ್ಪ ಮನೆಯಲ್ಲಿ ಮಲಗಿದ್ದ ಹೊತ್ತು ನೋಡಿ ಅದನ್ನು ಇಳಿಸಿ, ಟ್ಯಾಕ್ಸಿಗೆ ಕೂರಿಸಿಕೊಟ್ಟಳು. ಹೊರಡುವಾಗ ಅವನು, "ಯಾರಿಗೂ ಹೇಳಲ್ಲ ಬಿಡು" ಅಂದ. ಆಡಿದ ಹಾಗೇ ನಡೆದುಕೊಂಡ. ಒಳ್ಳೆಯವನೇ. ಅವನು ಬಾಯಿ ಬಿಡದೇ ಇದ್ದದ್ದಕ್ಕೆ ಬೀದಿಯಲ್ಲಿ ಉಳಿದದ್ದು "ನಾನೇ ಕೂರಿಸಿದ್ದು" ಅಂದ ಅವಳ ಮಾತೊಂದೇ.

"ಮೇಸ್ತ್ರಿ ಮುಟ್ಟೋದಾದ್ರೆ ಗಾಡಿ ಬಿಡ್ತೀವಿ, ಮಗಳು ಬೇಡ" ಅನ್ನತೊಡಗಿದರು ಗಿರಾಕಿಗಳು. ಮೇಸ್ತ್ರಿ ಹುರುಪಿನಿಂದ ಮುಟ್ಟಿದರು. ಒಂದು ಗಾಡಿಯ ಮುಂದಿನ ಚಕ್ರದ ನಟ್ಟುಗಳನ್ನು ಕೈಯಲ್ಲಿ ತಿರುಗಿಸಿ ಹಾಗೇ ಬಿಟ್ಟದ್ದನ್ನು ಅವಳು ಬೀದಿಯ ತಿರುವಿನವರೆಗೆ ಓಡಿ ನಿಲ್ಲಿಸಬೇಕಾಯಿತು. ಆ ಸಂಜೆಯೇ ಗ್ಯಾರೇಜಿನ ಶಟರ್ ಎಳೆದಳು. ಕೆಲಸ ಬರುತ್ತಿಲ್ಲ ಅಂತ ಅಪ್ಪನಿಗೆ ಹೇಳಿದಳು.

ಈಗ ಅವಳು ಬಸ್ ಡಿಪೋದಲ್ಲಿ ಸೀಮೆಎಣ್ಣೆಯ ತೊಟ್ಟಿಯ ಮುಂದೆ ಕೂತು ಬಿಡಿಭಾಗ ತೊಳೆಯುತ್ತಾಳೆ. ಇಂಜಿನ್ ಮುಟ್ಟಲು ಅಲ್ಲೂ ಬಿಡುವುದಿಲ್ಲ. ಸುದ್ದಿ ಅವಳಿಗಿಂತ ಮೊದಲೇ ಅಲ್ಲಿಗೆ ಹೋಗಿತ್ತು. ಮೇಸ್ತ್ರಿಗೆ ತಮ್ಮ ಮನೆಯ ದಾರಿ ಮರೆತಿದೆ, ಹೆಂಡತಿಯ ಮುಖ ಕೆಲವು ದಿನ ಮರೆಯುತ್ತದೆ. ಆ ದುಂಡು ಬಾಯಿ ಮಾತ್ರ ಮರೆತಿಲ್ಲ. ಬಂದವರೆದುರು, "ಇವಳೇ ನೋಡಿ, ನನ್ನ ಹೆಸರಿಗೆ ಮಸಿ ಬಳಿದೋಳು" ಅನ್ನುತ್ತಾರೆ. ಅವಳು ಬಂದವರಿಗೆ ಟೀ ಕೊಡುತ್ತಾಳೆ.

ಒಂದು ದಿನ ಅಮ್ಮ ತಡೆಯಲಾರದೆ ಅಡುಗೆಮನೆಯಿಂದ ಎದ್ದಳು. "ಸಾಕು. ಇವತ್ತು ಹೇಳಿಬಿಡ್ತೀನಿ."

ಮಗಳು ಅವಳ ಸೆರಗು ಹಿಡಿದು ಕೂರಿಸಿದಳು. "ಬೇಡಮ್ಮ. ನೀನು ಹೇಳಿದ್ದು ಬೆಳಗಾಗೋದರೊಳಗೆ ಮರೀತಾರೆ. ಆಮೇಲೆ ಮತ್ತೆ ಹೇಳ್ತೀಯಾ? ದಿನಾ ಹೇಳ್ತೀಯಾ?"

ಒಲೆಯ ಮೇಲಿನ ಹಾಲು ಉಕ್ಕಿತು. ಇಬ್ಬರೂ ಒಟ್ಟಿಗೆ ಎದ್ದರು.